ಎಡ ಜಡೆ, ಬಲ ಜಡೆ: ಆರು ತಿಂಗಳ ಲೆಕ್ಕ

ಜೂನ್ 8, 2025

ಮಳೆ ಹಿಡಿದಿದೆ. ತಲೆಸ್ನಾನ ಮಾಡಿ ಕಿಟಕಿ ಹತ್ತಿರ ಕೂತು ಜಡೆಯ ತುದಿ ಬಿಡಿಸಿ ನೋಡಿದೆ. ಕೊನೆಯ ನಾಲ್ಕು ಬೆರಳು ಥೇಟ್ ಒಣಹುಲ್ಲು. ಒಂದು ಕೂದಲಂತೂ ಮೂರು ಕವಲಾಗಿತ್ತು. ಪಾರ್ಲರ್‌ನವರು ಸ್ಪ್ಲಿಟ್ ಎಂಡ್ಸ್ ಅಂತಾರೆ, ಅಮ್ಮ ‘ಕೂದಲು ಸೀಳಿದೆ’ ಅಂತಾಳೆ. ಎಣ್ಣೆ, ಸೀರಮ್ಮು, ಮೊಟ್ಟೆ ಅಂತ ಎರಡು ವರ್ಷ ದುಡ್ಡು ಸುರಿದಾಯ್ತು. ಈ ಸಲ ಏನೂ ಕೊಳ್ಳದೆ, ಮೊದಲು ಇದು ಯಾಕೆ ಸೀಳ್ತಿದೆ ಅಂತ ನೋಡೋಣ ಅಂತ ಈ ಲೆಕ್ಕ ಶುರು ಮಾಡಿದ್ದೇನೆ.

ಟೈಲರ್ ಟೇಪಿನಲ್ಲಿ ಅಳೆದರೆ ನೆತ್ತಿಯಿಂದ ತುದಿಗೆ 84 ಸೆಂ.ಮೀ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1.2 ಸೆಂ.ಮೀ. ಭಾಗಿಸಿದರೆ 70 ತಿಂಗಳು. ಅಂದರೆ ಈ ತುದಿ 2019ರಲ್ಲಿ ನನ್ನ ತಲೆಯಿಂದ ಹೊರಬಂದದ್ದು! ಆರು ವರ್ಷ ದಿನಾ ಉಟ್ಟ ಸೀರೆಯ ಅಂಚು ಹೇಗಿರುತ್ತೆ? ಇದೂ ಹಾಗೇ ಅಲ್ವಾ.

ಇನ್ನೊಂದು ಲೆಕ್ಕ. 2022ರ ಫೆಬ್ರವರಿಯಲ್ಲಿ ಅಕ್ಕನ ಮದುವೆಗೆ ಅಂತ ಒಂದು ಪಾರ್ಲರ್‌ನಲ್ಲಿ ಕೂದಲು ನೇರ ಮಾಡಿಸಿದ್ದೆ. ಅರೆಬರೆ ಒಣಗಿದ್ದ ಕೂದಲಿಗೇ ಕಾದ ಐರನ್ ಒತ್ತಿದರು, ಚುರ್ ಅಂತ ಸದ್ದು ಬಂತು, ಹಬೆಯೂ ಎದ್ದಿತು. ಆಗ ಬಾಯಿ ಬಿಡಲಿಲ್ಲ ನಾನು. ಒಳಗಿನ ನೀರು ಕುದಿದು ಕೂದಲಲ್ಲೇ ಗುಳ್ಳೆ ಏಳುತ್ತೆ, ಆ ಜಾಗದಲ್ಲಿ ಆಮೇಲೆ ಮುರಿಯುತ್ತೆ ಅಂತ ಈಗ ಗೊತ್ತಾಗಿದೆ. ಆ ದಿನದಿಂದ 40 ತಿಂಗಳು, 48 ಸೆಂ.ಮೀ. ಅದರ ಕೆಳಗಿನ 36 ಸೆಂ.ಮೀ. ಪೂರ್ತಿ ಐರನ್ ತಿಂದ ಕೂದಲು. ಬೆರಳು ಆಡಿಸಿಕೊಂಡು ಕೆಳಗೆ ಬಂದರೆ ಸೊಂಟದ ಸ್ವಲ್ಪ ಮೇಲೆ ಒರಟು ಶುರುವಾಗುವುದು ಕೈಗೇ ತಿಳಿಯುತ್ತೆ.

ಜೂನ್ 22

ಮೊಬೈಲಿಗೆ ಸಿಕ್ಕಿಸುವ ಸಣ್ಣ ಲೆನ್ಸ್ ತಂದೆ. ಬಿಳಿ ಹಾಳೆ ಮೇಲೆ ಕೂದಲಿಟ್ಟು ಒಂದು ಗಂಟೆ ಕೂತೆ. ಹೊರಮೈ ಮೇಲೆ 6ರಿಂದ 10 ಪದರ ಸಿಪ್ಪೆ ಇರುತ್ತಂತೆ, ಸೋಗೆ ಹೊದಿಸಿದ ಹಾಗೆ ಒಂದರ ಮೇಲೊಂದು, ತುದಿಯ ಕಡೆಗೆ ಮುಖ ಮಾಡಿ. ಅದು ನನ್ನ ಲೆನ್ಸಿಗೆ ಕಾಣಲಿಲ್ಲ ಬಿಡಿ. ಆದರೆ ಸೀಳು ಚೆನ್ನಾಗಿ ಕಂಡಿತು. ಕೊಟ್ಟಿಗೆಯಲ್ಲಿ ಹಳೇ ಕಣ್ಣಿಯ ತುದಿ ಬಿಚ್ಚಿಕೊಂಡು ನಾರುನಾರಾಗುತ್ತಲ್ಲ, ಅದೇ. ಮೇಲಿನ ಸಿಪ್ಪೆ ಸವೆದ ಮೇಲೆ ಒಳಗಿನ ಎಳೆಗಳನ್ನು ಹಿಡಿದಿಡುವವರು ಯಾರೂ ಇಲ್ಲ. ನಡುನಡುವೆ ಬಿಳಿ ಚುಕ್ಕೆಗಳೂ ಇವೆ. ಹೇನಿನ ಮೊಟ್ಟೆ ಅಂದುಕೊಂಡು ಹೆದರಿದ್ದೆ. ಅಲ್ಲ, ಎಳೆ ಬಿರಿದು ಮುರಿಯಲು ತಯಾರಾಗಿರುವ ಜಾಗ ಅದು, ಎಳೆದರೆ ಅಲ್ಲೇ ಪಟ್ ಅನ್ನುತ್ತೆ.

ಒಮ್ಮೆ ಸೀಳಿದ ಕೂದಲು ಕೂಡಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತೆ, ಕೂದಲಿಗೆ ಜೀವವೇ ಇಲ್ಲವಲ್ಲ. ಸೀರಮ್ಮಿನ ಸಿಲಿಕೋನ್ ಎರಡು ಕವಲನ್ನು ಅಂಟಿಸಿ ಕೂರಿಸುತ್ತೆ, ತೊಳೆದರೆ ಮತ್ತೆ ಹಳೇ ಕಥೆ. ಹಾಗಾಗಿ 5 ಸೆಂ.ಮೀ. ಕತ್ತರಿಸಿದೆ. ಹಾಲಿನ ಪ್ಯಾಕೆಟ್ ಕತ್ತರಿಸೋ ಕತ್ತರಿ ಅಲ್ಲ, ಮೊಂಡು ಕತ್ತರಿ ಕೂದಲನ್ನು ಜಜ್ಜಿ ಹೊಸ ಸೀಳು ಮಾಡುತ್ತೆ. ಬೇರೆ ಕತ್ತರಿಯನ್ನೇ ತಂದೆ.

ಇನ್ಮೇಲೆ ಎರಡು ಜಡೆ. ಎಡ ಜಡೆಗೆ ಮಾತ್ರ ಸ್ನಾನದ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ಬಲಕ್ಕೆ ಏನೂ ಇಲ್ಲ. ಆಫೀಸಿನಲ್ಲಿ ಸ್ಕೂಲ್ ಹುಡುಗಿ ಅಂತ ನಕ್ಕರು, ನಗಲಿ. ಪ್ರತಿ ತುದಿಯಿಂದ 50 ಕೂದಲು ಎಣಿಸಿದೆ. ಸೀಳಿದ್ದು: ಎಡ 6, ಬಲ 7.

ಜುಲೈ 20

ತೀರ್ಥಹಳ್ಳಿ ಹತ್ತಿರ ನಮ್ಮೂರಿಗೆ ಬಂದಿದ್ದೇನೆ. ಮಳೆ ಅಂದರೆ ಮಳೆ. ಬಟ್ಟೆಯೇ ಮೂರು ದಿನ ಒಣಗಲ್ಲ, ಇನ್ನು ಜಡೆ ಎಲ್ಲಿ ಒಣಗುತ್ತೆ.

ಇಲ್ಲಿ ನನ್ನದೇ ತಪ್ಪು ಒಂದು ಸಿಕ್ಕಿಬಿತ್ತು. ಮಳೆಗಾಲದಲ್ಲಿ ನಾನು ಮಾಡೋದು ಇಷ್ಟೇ: ಟರ್ಕಿ ಟವೆಲಿನಲ್ಲಿ ಗಸಗಸ ಉಜ್ಜಿ, ಒದ್ದೆ ಇರುವಾಗಲೇ ನೆತ್ತಿಯಿಂದ ಹಣಿಗೆ ಎಳೆದು, ಹಸಿಯಾಗೇ ತುರುಬು ಬಿಗಿದು, ಬಸ್ಸಿಗೆ ಓಡೋದು. ನೆನೆದ ಕೂದಲು ನೀರು ಕುಡಿದು ಸುಮಾರು ಶೇ 15ರಷ್ಟು ದಪ್ಪ ಆಗುತ್ತೆ, ಮೇಲಿನ ಸಿಪ್ಪೆ ಎದ್ದು ನಿಂತಿರುತ್ತೆ, ರಬ್ಬರಿನ ಹಾಗೆ ಎಳೆದಷ್ಟೂ ಹಿಗ್ಗುತ್ತೆ. ಆಗಲೇ ಉಜ್ಜಿದರೆ, ಎಳೆದರೆ ಕೇಳಬೇಕಾ? ಹೇರ್ ಡ್ರೈಯರ್ ಮುಟ್ಟಬಾರದು ಅಂತ ಹಟ ಹಿಡಿದು, ಅದಕ್ಕಿಂತ ಕೆಟ್ಟದ್ದನ್ನು ದಿನಾ ಮಾಡ್ತಿದ್ದೆ.

ಈಗ ಅಪ್ಪನ ಹಳೇ ಪಂಚೆ ಸುತ್ತಿ ಸುಮ್ನೆ ಒತ್ತುತ್ತೇನೆ, ಅಷ್ಟೇ. ಆಮೇಲೆ ಬೆರಳಲ್ಲೇ ಸಿಕ್ಕು ಬಿಡಿಸೋದು, ತುದಿಯಿಂದ ಶುರು ಮಾಡಿ ನಾಲ್ಕು ಬೆರಳು, ಅದರ ಮೇಲೆ ಇನ್ನು ನಾಲ್ಕು ಬೆರಳು, ಹೀಗೆ. ಬಚ್ಚಲ ಒಲೆ ಮುಂದೆ ಕೂತರೆ ಬೇಗ ಒಣಗುತ್ತೆ, ಆದರೆ ಬೆಂಕಿಗೆ ತೀರಾ ಹತ್ತಿರ ಬೇಡ. ಅಮ್ಮ ದಾಸವಾಳದ ಸೊಪ್ಪು ಕಿವುಚಿ ಲೋಳೆ ಕೊಟ್ಟಳು. ಸೀಳು ಕೂಡಿಸುತ್ತೆ ಅಂತ ಅವಳ ನಂಬಿಕೆ, ಅದನ್ನು ನಾನು ಒಪ್ಪಲ್ಲ. ಆದರೆ ಆ ಜಾರುವಿಕೆಗೆ ಸಿಕ್ಕು ಬೆಣ್ಣೆ ಹಾಗೆ ಬಿಟ್ಟಿತು, ಬಾಟಲಿ ಕಂಡೀಷನರ್ ಮಾಡೋದೂ ಅದನ್ನೇ ತಾನೆ.

“ಎಂತ ಮಾರಾಯ್ತಿ, ಕೂದಲು ಎಣಿಸ್ತಾ ಕೂತಿದ್ದೀಯಾ? ಅಡಿಕೆ ಎಣಿಸಿದ್ರೆ ದುಡ್ಡಾದ್ರೂ ಬರ್ತಿತ್ತು.” ಇದು ಅಮ್ಮ.

ಆಗಸ್ಟ್ 17

ಎಣಿಕೆ: ಎಡ 9, ಬಲ 17. ಎಣ್ಣೆ ಗೆದ್ದಿತು! ಖುಷಿಯಾಗಿ ಅಮ್ಮನಿಗೆ ಫೋನ್ ಕೂಡ ಮಾಡಿದೆ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲೂ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದ್ದರು. ಕೂದಲಿಂದ ಪ್ರೋಟೀನ್ ಕಳೆದುಹೋಗೋದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೆಟ್ಟಗಿದೆ, ಕೂದಲೊಳಗೆ ಇಳಿಯುತ್ತೆ.

ಸಂಜೆ ಬಸ್ಸಿಳಿದು ಬ್ಯಾಗ್ ತೆಗೆಯುವಾಗ ಪಟ್ಟಿಗೆ ಜಡೆ ಸಿಕ್ಕಿಕೊಂಡಿತು. ಬಲಗಡೆ ಜಡೆ. ನಾನು ಬ್ಯಾಗ್ ಹಾಕೋದು ಬಲ ಹೆಗಲಿಗೆ. ದಿನಾ. ಟಿಫಿನ್ ಬಾಕ್ಸ್, ಛತ್ರಿ, ನೀರಿನ ಬಾಟಲಿ, ಎಲ್ಲ ತೂಕ ಆ ನೈಲಾನ್ ಪಟ್ಟಿಯ ಮೇಲೆ, ಪಟ್ಟಿಯ ಅಡಿಯಲ್ಲಿ ನನ್ನ ಜಡೆ. ಎರಡು ತಿಂಗಳ ಪ್ರಯೋಗ ಅಲ್ಲೇ ಕೈಕೊಟ್ಟಿತು. ಎಣ್ಣೆಯಾ, ಬ್ಯಾಗಾ?

ಎರಡೂ ಕಡೆ 1 ಸೆಂ.ಮೀ. ಕತ್ತರಿಸಿ ಮತ್ತೆ ಎಣಿಸಿದೆ: ಎಡ 6, ಬಲ 6. ಎಣ್ಣೆ ಎಡಕ್ಕೇ ಇರಲಿ, ಬ್ಯಾಗ್ ಮಾತ್ರ ಎಡ ಹೆಗಲಿಗೆ ಬಂತು.

ಅಕ್ಟೋಬರ್ 26

ದೀಪಾವಳಿ ಎಣ್ಣೆನೀರಿನ ದಿನ ಮಾತ್ರ ಬಲ ಜಡೆಗೂ ಎಣ್ಣೆ ಬಿತ್ತು, ಅಮ್ಮನ ಕೈಯಿಂದ ತಪ್ಪಿಸಿಕೊಳ್ಳೋದು ಸಾಧ್ಯವೇ ಇಲ್ಲ. ಲೆಕ್ಕ ಸ್ವಲ್ಪ ಕೆಟ್ಟಿರಬಹುದು.

ಎಡ 13, ಬಲ 9. ಎಣ್ಣೆ ಹಾಕಿದ ಕಡೆಯೇ ಜಾಸ್ತಿ ಸೀಳಿದೆ! ಐವತ್ತು ಕೂದಲಿನ ಲೆಕ್ಕ ದೊಡ್ಡದೇನಲ್ಲ, ಒಪ್ಪಿಕೊಂಡೆ. ಆದರೂ ಬ್ಯಾಗ್ ಬಲಕ್ಕಿದ್ದಾಗ ಬಲದಲ್ಲಿ 10 ಹೊಸ ಸೀಳು, ಎಡಕ್ಕೆ ಬಂದಾಗ ಎಡದಲ್ಲಿ 7, ಬ್ಯಾಗಿಲ್ಲದ ಕಡೆ ಎರಡು ಸಲವೂ ಮೂರೇ. ಎಣ್ಣೆ ಇದ್ದರೂ ಮೂರು, ಇಲ್ಲದಿದ್ದರೂ ಮೂರು. ಬ್ಯಾಗಿನ ಕಡೆ ಎಣ್ಣೆ ಸ್ವಲ್ಪ ತಡೆದಿದೆ ಅನ್ನಿಸುತ್ತೆ, ಪಟ್ಟಿಯ ಉಜ್ಜಾಟದ ಮುಂದೆ ಅದೆಷ್ಟು ತಡೆದೀತು.

ಡಿಸೆಂಬರ್ 14

ಈಗ ಒಂದೇ ಜಡೆ, ಎಣ್ಣೆ ಪೂರ್ತಿ ಜಡೆಗೆ, ಬ್ಯಾಗ್ ಹಾಕುವ ಮುಂಚೆ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳುವ ಅಭ್ಯಾಸ. ಬಸ್ಸಿನಲ್ಲಿ ಸೀಟಿಗೆ ಒರಗುವಾಗಲೂ ಅಷ್ಟೇ. ಒಂದೂವರೆ ತಿಂಗಳಲ್ಲಿ ಹೊಸ ಸೀಳು ಹೆಚ್ಚೇನೂ ಕಂಡಿಲ್ಲ. ಚಳಿ ಶುರುವಾಗಿದೆ, ಒಣಹವೆಗೆ ಏನಾಗುತ್ತೋ ನೋಡಬೇಕು.

ಉದ್ದ: 85 ಸೆಂ.ಮೀ. ಬೆಳೆದದ್ದು 7, ಕತ್ತರಿಸಿದ್ದು 6. ಐರನ್ ತಿಂದ ಕೂದಲು ಇನ್ನೂ 30 ಸೆಂ.ಮೀ. ಇದೆ. ಬೆಳೆದಷ್ಟನ್ನೇ ತಿಂಗಳು ತಿಂಗಳೂ ಕತ್ತರಿಸ್ತಾ ಹೋದರೆ ಉದ್ದ ಹೀಗೇ ಉಳಿದು, ಎರಡು ವರ್ಷ ದಾಟಿದ ಮೇಲೆ ಅದು ಪೂರ್ತಿ ಹೋಗುತ್ತೆ. ಟೇಪ್ ತೋರಿಸಿದರೆ ಅಮ್ಮ, “ಆರು ತಿಂಗಳಿಗೆ ಒಂದು ಸೆಂಟಿಮೀಟರಾ?” ಅಂತ ಕೇಳಿ ಒಳಗೆ ಹೋದಳು. ಆಮೇಲೆ ತನ್ನ ಬ್ಯಾಗನ್ನು ಎಡ ಹೆಗಲಿಗೆ ಹಾಕಿಕೊಂಡು ಪೇಟೆಗೆ ಹೊರಟದ್ದನ್ನು ನಾನು ನೋಡಿದೆ.