ನಾರಾದ ಕಣ್ಣು, ಹಿರೋಶಿಮಾದ ಬುತ್ತಿ

ಭಾನುವಾರ, 10 ನವೆಂಬರ್ 2024
ಒಸಾಕಾ, ರಾತ್ರಿ 10 ಗಂಟೆ

ಜಪಾನಿಗೆ ಬಂದು ಇವತ್ತಿಗೆ ಆರು ದಿನ. ಇಷ್ಟು ದಿನ ಲ್ಯಾಬ್ ಬಿಟ್ಟು ಹೊರಗೆ ಹೋಗಿರಲಿಲ್ಲ. ಅಲುಗಾಡುವ ಮೇಜಿನ ಮೇಲೆ ಪುಟ್ಟ ಪುಟ್ಟ ಮರದ ಚೌಕಟ್ಟು ಇಟ್ಟು, ಭೂಕಂಪ ಬಂದರೆ ಯಾವ ಕೀಲು ಮೊದಲು ಬಿಡುತ್ತದೆ ಅಂತ ನೋಡುವುದೇ ಕೆಲಸ. ಇವತ್ತಿನಿಂದ ಮೂರು ದಿನ ತಿರುಗಾಟ. ಸಿವಿಲ್ ಓದುವ ನಾವು ಹದಿನಾಲ್ಕು ಜನ, ನಮ್ಮ ಸರ್, ಮೇಡಂ, ದಾರಿ ತೋರಿಸಲು ಇಲ್ಲಿಯ ವಿಶ್ವವಿದ್ಯಾಲಯದ ಒಬ್ಬ ಜಪಾನಿ ಹುಡುಗಿ.

ನಂಬಾ ಸ್ಟೇಷನ್ನಿನಿಂದ ನಾರಾಕ್ಕೆ ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಇಳಿದ ಮೇಲೆ ಸ್ವಲ್ಪ ನಡೆದರೆ ಜಿಂಕೆಗಳು. ರಸ್ತೆಯಲ್ಲಿ, ಅಂಗಡಿ ಮುಂದೆ, ಬಸ್‌ಸ್ಟಾಪಿನಲ್ಲಿ, ಎಲ್ಲೆಲ್ಲೂ. 200 ಯೆನ್ ಕೊಟ್ಟರೆ ಅವುಗಳಿಗೆ ತಿನ್ನಿಸುವ ಬಿಸ್ಕತ್ತಿನ ಕಟ್ಟು ಸಿಗುತ್ತದೆ. ಕೈಯಲ್ಲಿ ಕಟ್ಟು ಕಂಡರೆ ಸಾಕು, ಬಂದು ತಲೆ ಬಾಗಿಸುತ್ತವೆ. ನಾವೂ ಬಾಗಿದರೆ ಮತ್ತೊಮ್ಮೆ ಬಾಗುತ್ತವೆ. ಯಾರಿಗೂ ತಿವಿಯದಿರಲಿ ಎಂದು ಗಂಡು ಜಿಂಕೆಗಳ ಕೊಂಬನ್ನು ಅಕ್ಟೋಬರದಲ್ಲಿಯೇ ಕತ್ತರಿಸಿರುತ್ತಾರೆ.

ತೋದಾಯ್‌ಜಿ ಗುಡಿಯ ಬುದ್ಧನ ಬಗ್ಗೆ ನಿಧಾನವಾಗಿ ಬರೆಯಬೇಕು. ಹದಿನೈದು ಮೀಟರ್ ಎತ್ತರದ ಕಂಚಿನ ಮೂರ್ತಿ. ಹೊಸ್ತಿಲು ದಾಟಿ ಮೇಲೆ ನೋಡಿದ ಕೂಡಲೇ ನಮ್ಮ ಹದಿನಾಲ್ಕು ಜನರ ಗದ್ದಲ ನಿಂತುಹೋಯಿತು. ಆಗ ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು: "ಇವನ ಕಣ್ಣು ತೆರೆಸಿದವನು ನಿಮ್ಮ ದೇಶದವನು, ಗೊತ್ತಾ?"

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರ್‌ಗೂ ಗೊತ್ತಿರಲಿಲ್ಲ.

ಅವನ ಹೆಸರು ಬೋಧಿಸೇನ. ಇಲ್ಲಿಯವರ ಬಾಯಲ್ಲಿ ಬೋದಾಯ್‌ಸೆನ್ನಾ. ದಕ್ಷಿಣ ಭಾರತದವನೆಂದು ಹೇಳಿಕೆ. ಚೀನಾಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ 736ರಲ್ಲಿ ಜಪಾನಿಗೆ ಬಂದ ಭಿಕ್ಷು. 752ರಲ್ಲಿ ಈ ಬುದ್ಧನ ಪ್ರತಿಷ್ಠೆಯಾದಾಗ ಕುಂಚ ಹಿಡಿದು ಕಣ್ಣಿನ ಪಾಪೆ ಬರೆದವನು ಅವನೇ. ಆ ಕುಂಚಕ್ಕೆ ಉದ್ದುದ್ದ ರೇಷ್ಮೆ ಹುರಿ ಕಟ್ಟಿದ್ದರಂತೆ. ನೆರೆದವರೆಲ್ಲ ಹುರಿಯನ್ನು ಹಿಡಿದು ನಿಂತಿದ್ದರಂತೆ, ಕಣ್ಣು ತೆರೆಸಿದ ಪುಣ್ಯ ಎಲ್ಲರಿಗೂ ಬರಲಿ ಎಂದು.

ಇದು ನಮ್ಮಲ್ಲಿಯ ನೇತ್ರೋನ್ಮೀಲನ! ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಬನಶಂಕರಿ ಗುಡಿಗೆ ಹೊಸ ಮೂರ್ತಿ ತಂದಿದ್ದರು. ಶಿಲ್ಪಿ ಕಣ್ಣು ತೆರೆಸುವಾಗ ಎದುರಿಗೆ ಯಾರೂ ನಿಲ್ಲಬಾರದು ಎಂದು ಅಜ್ಜ ನನ್ನನ್ನು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಿದ್ದರು. ದೇವಿಯ ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕು. ಆ ಕನ್ನಡಿ ಹಿಡಿದವರ ಕೈ ನಡುಗುತ್ತಿದ್ದುದು ನನಗೆ ಇನ್ನೂ ನೆನಪಿದೆ. ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಆಕೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡಳು.

752 ಅಂದರೆ ನಮ್ಮ ಕಡೆ ಬಾದಾಮಿ ಚಾಲುಕ್ಯರ ಕೊನೆಯ ದಿನಗಳು. ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಆಗಿನ್ನೂ ಹೊಸದು. ಅಲ್ಲಿ ಕಲ್ಲಿನ ಕೆಲಸ ಮುಗಿಯುವ ಹೊತ್ತಿಗೆ ಇಲ್ಲಿ ಕಂಚು ಕರಗಿಸಿ ಎರಕ ಹೊಯ್ಯುತ್ತಿದ್ದರು.

ಆದರೆ ನಾನು ನೋಡಿದ್ದು ಬೋಧಿಸೇನ ಬರೆದ ಕಣ್ಣಲ್ಲ. 1180ರಲ್ಲಿ ಒಮ್ಮೆ, 1567ರಲ್ಲಿ ಇನ್ನೊಮ್ಮೆ ಯುದ್ಧದ ಬೆಂಕಿಗೆ ಗುಡಿ ಸುಟ್ಟಿತು. ಈಗಿರುವ ತಲೆ 1690ರ ಆಚೀಚಿನದು. ಹಳೆಯದರಲ್ಲಿ ಉಳಿದಿರುವುದು ಪೀಠದ ಕೆಲವು ತಾವರೆ ಎಸಳು, ಅಲ್ಲಿ ಇಲ್ಲಿ ಒಂದಿಷ್ಟು ತುಣುಕು. ಕುಂಚ ಮಾತ್ರ ಶೋಸೊಯಿನ್ ಭಂಡಾರದಲ್ಲಿ ಇನ್ನೂ ಇದೆ. ಮೊದಲ ಬೆಂಕಿಯ ನಂತರ 1185ರಲ್ಲಿ ಮತ್ತೆ ಕಣ್ಣು ಬರೆಯುವಾಗ ಅದೇ ಹಳೆಯ ಕುಂಚವನ್ನು ಹುಡುಕಿ ತಂದರಂತೆ. ಈ ಮಾತು ಕೇಳಿ ನನಗೆ ಬಹಳ ಸಂತೋಷವಾಯಿತು. ಭಂಡಾರದ ವಸ್ತುಗಳ ವಾರ್ಷಿಕ ಪ್ರದರ್ಶನ ಅಲ್ಲೇ ಮ್ಯೂಸಿಯಮ್ಮಿನಲ್ಲಿ ನಡೆದಿತ್ತು, ನಾಳೆಗೆ ಮುಗಿಯುತ್ತದೆ. ನಮ್ಮ ಹತ್ತಿರ ಟಿಕೆಟ್ ಇರಲಿಲ್ಲ.

ಹೊರಡುವ ಮುಂಚೆ ಕಂಬಗಳನ್ನು ಮುಟ್ಟಿ ನೋಡಿದೆ. ಈಗಿನ ಗುಡಿ 1709ರದು. ಅಷ್ಟು ಹೊತ್ತಿಗೆ ಒಂದೇ ಮರದಲ್ಲಿ ಕಂಬವಾಗುವಂಥ ದಪ್ಪ ಮರಗಳು ಸಿಗದೆ, ನಡುವೆ ಒಂದು ದಿಮ್ಮಿ ನಿಲ್ಲಿಸಿ ಸುತ್ತ ಹಲಗೆ ಕೂಡಿಸಿ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಎತ್ತಿನ ಗಾಡಿಯ ಗಾಲಿಗೆ ಹಳಿ ಬಿಗಿಯುತ್ತಾರಲ್ಲ, ಥೇಟ್ ಹಾಗೆ. ಮೊದಲಿನ ಗುಡಿ 86 ಮೀಟರ್ ಅಗಲವಿತ್ತಂತೆ, ಈಗ 57. ಮರ ಸಿಕ್ಕಷ್ಟಕ್ಕೆ ಗುಡಿ ಕಟ್ಟಿದ್ದಾರೆ, ಕಟ್ಟದೇ ಬಿಟ್ಟಿಲ್ಲ.

ಸೋಮವಾರ, 11 ನವೆಂಬರ್
ರಾತ್ರಿ 9:45

ಕ್ಯೋತೊ. ಐದು ಗಂಟೆಗೆಲ್ಲ ಕತ್ತಲಾಗುತ್ತದೆ, ಅದಕ್ಕೇ ಬೆಳಿಗ್ಗೆ ಬೇಗ ಹೊರಟೆವು.

ರೈಲಿನಲ್ಲಿ ಆ ಹುಡುಗಿ ತಮ್ಮ ವರ್ಣಮಾಲೆ ಹೇಳಿಕೊಟ್ಟಳು. ಅ ಇ ಉ ಎ ಒ. ಆಮೇಲೆ ಸಾಲಾಗಿ ಕ, ಸ, ತ, ನ, ಹ, ಮ, ಯ, ರ, ವ. ಅರ್ಧಕ್ಕೇ ನಾವು ಮುಂದಿನದನ್ನು ಊಹಿಸಿ ಹೇಳತೊಡಗಿದಾಗ ಆಕೆಗೆ ಆಶ್ಚರ್ಯ. ಸಂಸ್ಕೃತದ ಅಕ್ಷರಗಳನ್ನು ಕಲಿತ ಇಲ್ಲಿಯ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮವಂತೆ ಇದು. ನಾನು ನೋಟ್‌ಬುಕ್ಕಿನಲ್ಲಿ ಕನ್ನಡದ ಕಾಗುಣಿತ ಬರೆದು ತೋರಿಸಿದೆ. "ಅ" ಅಕ್ಷರದ ಮೇಲೆ ಬೆರಳಾಡಿಸಿ, ದುಂಡಗಿದೆ, ತುಂಬಾ ಚೆಂದ ಎಂದಳು. ನನಗೆ ಎದೆ ಉಬ್ಬಿತು.

ಫುಶಿಮಿ ಇನಾರಿಯ ಕೆಂಪು ಕಮಾನುಗಳ ಸಾಲಿನಲ್ಲಿ ನಡೆದಿದ್ದಕ್ಕಿಂತ ಜನರ ಹಿಂದೆ ನಿಂತದ್ದೇ ಹೆಚ್ಚು. ಕಿಯೊಮಿಜು ಗುಡಿಯಲ್ಲೂ ಹಾಗೆಯೇ. ಮೇಪಲ್ ಎಲೆ ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ.

ಸಂಜೂಸಾಂಗೆನ್‌ದೊ ಎಂಬ ಬೌದ್ಧ ಗುಡಿಯಲ್ಲಿ ಮಾತ್ರ ಕಾಲು ಕಿತ್ತಿಡಲು ಮನಸ್ಸಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಫೋಟೋ ತೆಗೆಯುವಂತಿಲ್ಲ. ಸುಮಾರು 120 ಮೀಟರ್ ಉದ್ದದ ಒಂದೇ ಹಜಾರ, 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ 1001 ಕನ್ನೊನ್ ಮೂರ್ತಿಗಳು, ಅಂದರೆ ನಮ್ಮ ಅವಲೋಕಿತೇಶ್ವರ, ಬೌದ್ಧರ ಕರುಣೆಯ ದೇವರು. ನಡುವೆ ದೊಡ್ಡ ಮೂರ್ತಿ ಕೂತಿದೆ, ಎರಡೂ ಬದಿಗೆ ಐನೂರೈನೂರು ನಿಂತಿವೆ. ಮರದಲ್ಲಿ ಕೆತ್ತಿ ಚಿನ್ನದ ತಗಡು ಅಂಟಿಸಿದವು. ಸಾವಿರ ಕೈಯ ದೇವರು ಎಂದರೂ ಲೆಕ್ಕ ಹಾಕಿದರೆ ಕೈ 42. ಮುಗಿದ ಎರಡು ಕೈ ಬಿಟ್ಟು, ಉಳಿದ ಒಂದೊಂದೂ ಇಪ್ಪತ್ತೈದು ಲೋಕಗಳನ್ನು ಕಾಯುತ್ತದೆಯಂತೆ.

ಮುಂದಿನ ಸಾಲಿನಲ್ಲಿ 28 ಕಾವಲು ದೇವತೆಗಳು. ಒಬ್ಬೊಬ್ಬರ ಮುಂದೆಯೂ ಹೆಸರಿನ ಫಲಕ. ಓದುತ್ತಾ ಹೋದಂತೆ ಪರಿಚಯದವರ ಮನೆಯ ಮದುವೆಗೆ ಬಂದಂತಾಯಿತು. ಇಂದ್ರ ಇದ್ದಾನೆ, ಬ್ರಹ್ಮ ಇದ್ದಾನೆ. ಗರುಡನಿಗೆ ಇಲ್ಲಿ ಕರುರಾ ಎಂದು ಹೆಸರು. ಬೆನ್ನಿಗೆ ರೆಕ್ಕೆ, ಬಾಯಿಯ ಜಾಗದಲ್ಲಿ ಕೊಕ್ಕು, ಆ ಕೊಕ್ಕಿನ ಹತ್ತಿರ ಕೊಳಲು. ಗರುಡ ಕೊಳಲು ಊದುವುದನ್ನು ನಾನು ಊರಲ್ಲಿ ಎಲ್ಲೂ ನೋಡಿಲ್ಲ! ಸ್ವಲ್ಪ ದೂರದಲ್ಲಿ ವಸು ಋಷಿ, ಕೋಲು ಹಿಡಿದ ಮುದುಕ. ಎದೆಯ ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು, ಕುತ್ತಿಗೆಯ ನರ ಬಿಗಿದಿದೆ. ಕಣ್ಣಿಗೆ ಒಳಗಿನಿಂದ ಸ್ಫಟಿಕ ಕೂಡಿಸಿದ್ದಾರೆ, ಆ ಮಬ್ಬು ಬೆಳಕಿನಲ್ಲಿ ನೀರು ನಿಂತ ಹಾಗೆ ಹೊಳೆಯುತ್ತದೆ. ನಾನು ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಎಲ್ಲಿ ನಿಂತರೂ ಹೊಳೆಯುತ್ತಿತ್ತು.

ನಡುವಿನ ದೊಡ್ಡ ಮೂರ್ತಿಯನ್ನು ತಾಂಕೆ ಎಂಬ ಶಿಲ್ಪಿ 1254ರಲ್ಲಿ ಮುಗಿಸಿದನಂತೆ. ಆಗ ಅವನಿಗೆ 82 ವರ್ಷ.

ಈ ಸಾವಿರ ಮುಖಗಳಲ್ಲಿ ನೀವು ನೋಡಬೇಕೆಂದಿರುವವರ ಮುಖ ಸಿಕ್ಕೇ ಸಿಗುತ್ತದೆ ಎಂದು ಇಲ್ಲಿ ನಂಬಿಕೆ. ನನ್ನ ರೂಮ್‌ಮೇಟ್ ತನ್ನ ತೀರಿಹೋದ ಅಣ್ಣನಿಗಾಗಿ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದಳು. ಹೊರಗೆ ಬಂದ ಮೇಲೆ ಅವಳೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊಟದ ವಿಷಯ ಅವ್ವ ದಿನಾ ಕೇಳುತ್ತಾಳೆ, ಬರೆದಿಡುತ್ತೇನೆ. ಇಲ್ಲಿ ಸಾರು, ಸಾಸು ಎಲ್ಲದರಲ್ಲೂ ಮೀನಿನ ರಸ ಇರುತ್ತದೆ. ಸಸ್ಯಾಹಾರಿಗಳಾದ ನಾವು ಐದು ಜನ ಅಂಗಡಿಯ ಓನಿಗಿರಿ ನಂಬಿಕೊಂಡಿದ್ದೇವೆ. ಮೂರು ಮೂಲೆಯ ಅನ್ನದ ಉಂಡೆ, ಹೊರಗೆ ಸಮುದ್ರದ ಪಾಚಿಯ ಹಾಳೆ. ಪ್ಲಾಸ್ಟಿಕ್ಕಿನ ಮೇಲೆ 1, 2, 3 ಎಂದು ಬರೆದಿರುತ್ತದೆ, ಅದೇ ಕ್ರಮದಲ್ಲಿ ಎಳೆದರೆ ಹಾಳೆ ಗರಿಗರಿಯಾಗಿ ಅನ್ನಕ್ಕೆ ಸುತ್ತಿಕೊಳ್ಳುತ್ತದೆ. ಒಳಗೆ ಉಮೆಬೋಶಿ ಎಂಬ ಉಪ್ಪು ಹಾಕಿದ ಹುಳಿ ಹಣ್ಣು, ನಮ್ಮ ಹಳೆಯ ನಿಂಬೆ ಉಪ್ಪಿನಕಾಯಿಯ ನೆನಪು ಬರುತ್ತದೆ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇನ್ನೂ ಇವೆ.

ಮಂಗಳವಾರ, 12 ನವೆಂಬರ್
ರಾತ್ರಿ 11

ಶಿನ್‌ಓಸಾಕಾದಿಂದ ಹಿರೋಶಿಮಾಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟಿದೆವು. ಅಲ್ಲಿಂದ ಟ್ರಾಮು. ಬಾಂಬು ಬಿದ್ದ ಮೂರನೇ ದಿನಕ್ಕೇ ಒಂದು ತುಂಡು ಹಳಿಯ ಮೇಲೆ ಟ್ರಾಮು ಮತ್ತೆ ಓಡಿತ್ತಂತೆ.

ಬಾಂಬಿಗೆ ಸಿಕ್ಕೂ ನಿಂತಿರುವ ಗುಮ್ಮಟದ ಕಟ್ಟಡ ನೋಡಿದೆವು. 1915ರಲ್ಲಿ ಕಟ್ಟಿದ್ದು, ನಕ್ಷೆ ಮಾಡಿದವನು ಯಾನ್ ಲೆಟ್ಸೆಲ್ ಎಂಬ ಚೆಕ್ ವಾಸ್ತುಶಿಲ್ಪಿ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ, ಹೆಚ್ಚುಕಡಿಮೆ ಈ ಕಟ್ಟಡದ ನೆತ್ತಿಯಲ್ಲಿ. ಹೊಡೆತ ಪಕ್ಕದಿಂದ ಬರದೆ ಮೇಲಿನಿಂದ ಬಂತು, ಅದಕ್ಕೇ ಗೋಡೆ ನಿಂತಿವೆ ಎಂದು ಸರ್ ಹೇಳಿದರು. ವಾರವಿಡೀ ಲ್ಯಾಬಿನಲ್ಲಿ ನಾವು ಲೆಕ್ಕ ಹಾಕಿದ್ದು ಪಕ್ಕದಿಂದ ತಳ್ಳುವ ಬಲವನ್ನೇ. ಯಾರೂ ನೋಟ್ಸ್ ಬರೆದುಕೊಳ್ಳಲಿಲ್ಲ. ಒಳಗಿದ್ದವರು ಒಬ್ಬರೂ ಉಳಿಯಲಿಲ್ಲ.

ಮ್ಯೂಸಿಯಂ ಟಿಕೆಟ್ 200 ಯೆನ್. ಒಳಗೆ ಶಾಲಾ ಮಕ್ಕಳ ಗುಂಪು ಗುಂಪು, ಆದರೂ ಕೇಳುತ್ತಿದ್ದುದು ಕಾಲಿನ ಸಪ್ಪಳ ಮಾತ್ರ. ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಾನು ನಿಂತುಬಿಟ್ಟೆ. ಟಿಫಿನ್ ಡಬ್ಬಿ. ಮುಚ್ಚಳ ಸೊಟ್ಟಗಾಗಿದೆ. ಒಳಗಿನ ಬುತ್ತಿ ಕಪ್ಪು ಇದ್ದಿಲಾಗಿದೆ, ಆದರೂ ಕಾಳು ಕಾಳು ಬೇರೆಯಾಗಿ ಕಾಣುತ್ತದೆ. ಅದು ಒರಿಮೆನ್ ಶಿಗೆರು ಎಂಬ 13 ವರ್ಷದ ಹುಡುಗನದು. ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಿದ್ದರು, ಅವನೂ ಅಲ್ಲಿಗೆ ಹೋಗಿದ್ದ. ಡಬ್ಬಿಯಲ್ಲಿ ಅಕ್ಕಿ, ಬಾರ್ಲಿ, ಸೋಯಾ ಕಾಳು ಕೂಡಿಸಿದ ಅನ್ನ. ತಮ್ಮದೇ ಹೊಲದಲ್ಲಿ ಆ ವರ್ಷ ಮೊದಲು ಬಂದ ಬೆಳೆಯಿಂದ ತಾಯಿ ಮಾಡಿಕೊಟ್ಟಿದ್ದಳು, ಅವನು ಖುಷಿಯಿಂದ ಒಯ್ದಿದ್ದ. ಸುಟ್ಟ ಮೈಯ ಕೆಳಗೆ ಆ ಡಬ್ಬಿ ಇತ್ತು. ತಾಯಿ ಮಗನ ಗುರುತು ಹಿಡಿದದ್ದು ಅದರಿಂದಲೇ.

ಹೊಸ ಕಾಳು ಬಂದಾಗ ಮನೆಯಲ್ಲಿ ಎಂಥ ಸಡಗರ ಇರುತ್ತದೆ ಎಂದು ನನಗೆ ಗೊತ್ತು. ಮುಂದಿನ ಕೋಣೆಗಳಲ್ಲಿ ಏನೇನಿತ್ತು ಎಂದು ಕೇಳಿದರೆ ಸರಿಯಾಗಿ ಹೇಳಲಾರೆ.

ಹೊರಗೆ ಉದ್ಯಾನದಲ್ಲಿ ಒಂದು ಕಲ್ಲಿನ ಕಮಾನು, ಅದರ ಕೆಳಗೆ ಸತ್ತವರ ಹೆಸರುಗಳನ್ನು ಇಟ್ಟಿದ್ದಾರೆ. ಕಮಾನಿನೊಳಗಿಂದ ನೋಡಿದರೆ ಉರಿಯುವ ಜ್ಯೋತಿ, ಅದರಾಚೆ ಗುಮ್ಮಟ, ಎಲ್ಲ ಒಂದೇ ಗೆರೆಯಲ್ಲಿ. ವಾಸ್ತುಶಿಲ್ಪಿ ತಾಂಗೆ ಕೆಂಜೊ ಹಾಗೆ ಗೆರೆ ಎಳೆದಿದ್ದಾರೆ. ಕಲ್ಲಿನ ಮೇಲೆ ಕೆತ್ತಿದ್ದನ್ನು ಆ ಹುಡುಗಿ ಓದಿದಳು. "ನೆಮ್ಮದಿಯಿಂದ ಮಲಗಿ, ತಪ್ಪು ಮತ್ತೆ ಮಾಡುವುದಿಲ್ಲ." ಯಾರು ಮಾಡುವುದಿಲ್ಲ ಎಂದು ಜಪಾನಿಯಲ್ಲಿ ಬರೆದಿಲ್ಲ, ಇಂಗ್ಲಿಷಿಗೆ ತರುವಾಗ "ನಾವು" ಎಂದು ಸೇರಿಸಬೇಕಾಯಿತು ಎಂದಳು. ನಾನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡೆ. ಮಾಡುವುದಿಲ್ಲ. ನಾನು, ನೀನು, ಅವರು, ಯಾರಿಗಾದರೂ ಅದೇ ಒಂದು ರೂಪ. ಏನೂ ಸೇರಿಸಬೇಕಾಗಿಲ್ಲ.

ಬಾಂಬಿನಿಂದ ಬದುಕಿ ಉಳಿದವರ ಸಂಘಟನೆ ನಿಹೊನ್ ಹಿದಾಂಕ್ಯೊಗೆ ಈ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಎಂದು ಹೋದ ತಿಂಗಳಷ್ಟೇ ಘೋಷಣೆಯಾಗಿದೆ. ಬಾಂಬಿನ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಿಸುತ್ತಲೇ ತೀರಿಹೋದ ಹುಡುಗಿ ಸಾಸಾಕಿ ಸದಾಕೊಳ ನೆನಪಿನ ಮಕ್ಕಳ ಸ್ಮಾರಕದ ಹತ್ತಿರ ಒಂದು ಶಾಲೆಯ ಮಕ್ಕಳು ಕಾಗದದ ಕೊಕ್ಕರೆಯ ಮಾಲೆ ಕಟ್ಟುತ್ತಿದ್ದರು. ನಾವೂ ನಿಂತು ಕೊಕ್ಕರೆ ಮಡಿಸಲು ಕಲಿತೆವು. ನನ್ನದರ ಕತ್ತು ಮೂರನೇ ಸಲಕ್ಕೆ ನೆಟ್ಟಗಾಯಿತು.

ಹಾಸ್ಟೆಲ್ಲಿಗೆ ಬಂದಾಗ ಒಂಬತ್ತೂವರೆ. ಊರಲ್ಲಿ ಸಂಜೆ ಆರು. ಅವ್ವನಿಗೆ ಫೋನ್ ಹಚ್ಚಿದೆ.

"ಉಂಡೇನವಾ?"

"ಉಂಡೆ ಅವ್ವಾ. ನೀ ಕೊಟ್ಟ ರೊಟ್ಟಿ ತಿಂದೆ."

"ಇನ್ನೂ ಅದಾವೇನು?"

"ಎರಡು ಅದಾವು."

"ಇವತ್ತು ಏನು ನೋಡಿದಿ?"

ಡಬ್ಬಿಯ ವಿಷಯ ಬಾಯಿತನಕ ಬಂತು, ಹೇಳಲಾಗಲಿಲ್ಲ. ನದಿ ನೋಡಿದೆ, ಟ್ರಾಮು ಹತ್ತಿದೆ ಎಂದೆ. ಅವ್ವ ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ಇನ್ನೇನೋ ಕೇಳುತ್ತಿದ್ದಳು, ನಾನು ಹ್ಞೂಂ ಹ್ಞೂಂ ಎನ್ನುತ್ತ ಆ ಸಪ್ಪಳವನ್ನೇ ಕೇಳುತ್ತ ಕೂತೆ.