ತಡಿಯಂಡಮೋಳ್: ಒಂದು ಹಗಲಿಗೆ ತಕ್ಕ ಬೆಟ್ಟ

ಡಿಸೆಂಬರ್ ರಜೆಯಲ್ಲಿ ಮನೆಮಂದಿ ಕೂಡಿ ಬೆಟ್ಟ ಹತ್ತುವುದೆಂದು ನಿಶ್ಚಯವಾದಾಗ, ಯಾವ ಬೆಟ್ಟ ಎಂಬ ಪ್ರಶ್ನೆಗೆ ಮೊದಲು ಬಂದ ಹೆಸರುಗಳು ಮುಳ್ಳಯ್ಯನಗಿರಿ, ಕುದುರೆಮುಖ ಮತ್ತು ಕುಮಾರಪರ್ವತ. ನಮ್ಮ ತಂಡದಲ್ಲಿ ಅರವತ್ತು ದಾಟಿದ ಚಿಕ್ಕಪ್ಪ ಇದ್ದರು, ಐದನೆಯ ತರಗತಿಯಲ್ಲಿ ಓದುವ ಅಣ್ಣನ ಮಗಳಿದ್ದಳು. ಹಾಗಾಗಿ ಬೆಟ್ಟದ ಎತ್ತರಕ್ಕಿಂತ, ನಡಿಗೆ ಎಲ್ಲಿಂದ ಆರಂಭವಾಗುತ್ತದೆ, ಅಲ್ಲಿಂದ ಎಷ್ಟು ಏರಬೇಕು, ಕತ್ತಲಾಗುವ ಮುನ್ನ ಎಲ್ಲರೂ ಇಳಿದು ಬರಲು ಸಾಧ್ಯವೇ ಎಂಬುದನ್ನೇ ನಾನು ಮೊದಲು ನೋಡಿದೆ.

ಎತ್ತರದ ಅಂಕಿಯೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರವಾದರೂ ವಾಹನ ತುದಿಯ ಸಮೀಪದವರೆಗೂ ಹೋಗುವುದರಿಂದ ಬಹುತೇಕರಿಗೆ ಹತ್ತಲು ಉಳಿಯುವುದು ಮೆಟ್ಟಿಲುಗಳು ಮಾತ್ರ. ಕುಮಾರಪರ್ವತ ಅದಕ್ಕಿಂತ ತಗ್ಗು, 1,712 ಮೀಟರ್. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಬೆಟ್ಟದ ಬುಡದಲ್ಲಿ, ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಲ್ಲಿಂದ ಭಟ್ಟರ ಮನೆ, ಕಲ್ಲು ಮಂಟಪ, ಶೇಷಪರ್ವತಗಳನ್ನು ದಾಟಿ ತುದಿ ಮುಟ್ಟಲು 1,500 ಮೀಟರಿಗೂ ಹೆಚ್ಚು ಏರಬೇಕು. ಸೋಮವಾರಪೇಟೆ ಕಡೆಯ ದಾರಿ ಹತ್ತಿರದ್ದು, ಆದರೆ ಅದೂ ಮಕ್ಕಳನ್ನು ಕರೆದೊಯ್ಯುವಂಥದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವೊಂದಿದೆ: ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯ ದಾರಿಯ ಸುಮಾರು 12 ಕಿಲೋಮೀಟರಿಗೆ ಇದನ್ನು ಹಾಕಿ ನೋಡಿದರೆ, ಗಟ್ಟಿ ಕಾಲಿನವರಿಗೂ ಎಲ್ಲಿಯೂ ಕೂರದೆ ಹತ್ತಲು ಐದು ಗಂಟೆ ಬೇಕು. ವಿಶ್ರಾಂತಿ, ಊಟ, ಚಿಕ್ಕವರ ನಿಧಾನ ಇವೆಲ್ಲ ಸೇರಿದರೆ ಡಿಸೆಂಬರಿನ ಹಗಲು ಸಾಲುವುದಿಲ್ಲ. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1,748 ಮೀಟರ್, ಅಂದರೆ ಕುಮಾರಪರ್ವತಕ್ಕಿಂತ ತುಸು ಹೆಚ್ಚೇ ಎತ್ತರ. ಆದರೆ ಕಕ್ಕಬೆಯ ಸಮೀಪದ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಟರೆ ಏರಬೇಕಾದದ್ದು ಆರೇಳು ನೂರು ಮೀಟರ್, ನಡೆಯಬೇಕಾದದ್ದು ಏಳು ಕಿಲೋಮೀಟರಿನಷ್ಟು. ಅದೇ ಲೆಕ್ಕದಲ್ಲಿ ಎರಡೂವರೆ ಗಂಟೆ. ನಮ್ಮ ತಂಡಕ್ಕೆ ಅದರ ದುಪ್ಪಟ್ಟು ಹಿಡಿದರೂ ಬೆಳಕು ಮಿಗುತ್ತಿತ್ತು. ಹೀಗೆ ತಡಿಯಂಡಮೋಳ್ ನಿಶ್ಚಯವಾಯಿತು.

ತಿಂಗಳ ಆಯ್ಕೆಯೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ಇಲ್ಲಿ ಮಂಜು ಹತ್ತು ಹೆಜ್ಜೆಯಾಚೆ ಏನನ್ನೂ ತೋರಿಸುವುದಿಲ್ಲ, ಜಿಗಣೆಗಳ ಕಾಟ ಬೇರೆ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಬೆಂಕಿ ತಗಲುವ ಭಯದಿಂದ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ವಾರಾಂತ್ಯದ ಜನಜಂಗುಳಿಯೇ ದೊಡ್ಡ ಸುದ್ದಿಯಾದ ಮೇಲೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಿಗಿಯಾಯಿತು. ಯಾವ ಬೆಟ್ಟಕ್ಕೇ ಆಗಲಿ, ಹೊರಡುವ ಮುನ್ನ ಅನುಮತಿಯ ವಿಚಾರವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ನಾವು ವಾರಾಂತ್ಯವನ್ನು ಬಿಟ್ಟು ಬುಧವಾರವನ್ನು ಆರಿಸಿಕೊಂಡೆವು.

ಹಿಂದಿನ ರಾತ್ರಿ ಕಕ್ಕಬೆಯ ಹೋಂಸ್ಟೇಯೊಂದರಲ್ಲಿ ತಂಗಿದೆವು. "ಏಳು ಗಂಟೆಯೊಳಗೆ ಹೊರಟುಬಿಡಿ, ಬಿಸಿಲೇರಿದ ಮೇಲೆ ಬೋಳುಗುಡ್ಡದಲ್ಲಿ ನೆರಳು ಸಿಗುವುದಿಲ್ಲ" ಎಂದು ಆ ಮನೆಯ ಯಜಮಾನರು ಹೇಳಿದ ಮಾತನ್ನು ಪಾಲಿಸಿದ್ದು ಒಳ್ಳೆಯದಾಯಿತು. ಆರಂಭದ ದಾರಿ ಕಾಫಿ ತೋಟಗಳ ನಡುವೆ ಸಾಗುತ್ತದೆ. ಅಲ್ಲಲ್ಲಿ ಕೆಂಪೇರುತ್ತಿದ್ದ ಕಾಫಿ ಹಣ್ಣು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ಮುಂದೆ ಹೋದರೆ ಕಾಡಿನ ನೆರಳು. ಅದು ಮುಗಿದದ್ದೇ ಹುಲ್ಲುಗಾವಲು ತೆರೆದುಕೊಳ್ಳುತ್ತದೆ.

ಹುಲ್ಲುಗಾವಲಿನ ನಡುವೆ ಒಂದು ದೊಡ್ಡ ಬಂಡೆಯಿದೆ. ಚಾರಣಿಗರೆಲ್ಲ ಒಮ್ಮೆ ಕುಳಿತೇ ಮುಂದುವರಿಯುವ ಜಾಗ ಅದು. ಒಂದು ದಿನದ ಚಾರಣಕ್ಕೆ ಈ ಬೆಟ್ಟ ಯೋಗ್ಯವೆಂದು ನಾನು ಒತ್ತಿ ಹೇಳುವುದಕ್ಕೆ ಈ ಬಂಡೆಯೂ ಒಂದು ಕಾರಣ. ತುದಿ ಮುಟ್ಟದೆ ಹಿಂದಿರುಗಿದರೆ ಏನನ್ನೂ ಕಾಣದ ಬೆಟ್ಟಗಳಿವೆ. ಅಂಥ ಕಡೆ ದಣಿದವರೂ ಹಟಕ್ಕೆ ಬಿದ್ದು ಮುಂದುವರಿಯುತ್ತಾರೆ, ಕಾಲು ಉಳುಕುವುದೂ ಕತ್ತಲಲ್ಲಿ ಸಿಕ್ಕಿಕೊಳ್ಳುವುದೂ ಹೆಚ್ಚಾಗಿ ಆಗಲೇ. ಇಲ್ಲಿ ಅರ್ಧ ದಾರಿಯಲ್ಲೇ ಮಡಿಕೆ ಮಡಿಕೆಯಾದ ಬೆಟ್ಟಸಾಲು, ಅವುಗಳ ಸಂದಿನಲ್ಲಿ ಶೋಲಾ ಎಂದು ಕರೆಯುವ, ಕುಳ್ಳಗಿನ ಮರಗಳ ಕಡುಹಸಿರು ಕಾಡು, ಕೆಳಗೆ ಕಕ್ಕಬೆಯ ಕಣಿವೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. "ನನಗೆ ಇಷ್ಟು ಸಾಕಪ್ಪ, ನೀವು ಹೋಗಿ ಬನ್ನಿ" ಎಂದು ಚಿಕ್ಕಪ್ಪ ಬಂಡೆಯ ನೆರಳಿನಲ್ಲಿ ಟವೆಲ್ ಹಾಸಿ ಕುಳಿತರು. ಅವರ ಜೊತೆಗೆ ಚಿಕ್ಕಮ್ಮನೂ ಉಳಿದರು. ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂದೆ ತಿರುಗುವುದೆಂದು ಮಾತಾಡಿಕೊಂಡು ಉಳಿದವರು ಮುಂದುವರಿದೆವು.

ಬಂಡೆಯ ನಂತರ ಏರು ಹೆಚ್ಚುತ್ತದೆ, ಕೊನೆಯ ಭಾಗವಂತೂ ಸಾಕಷ್ಟು ಕಡಿದು. ಶಿಖರಕ್ಕೆ ಮೊದಲು ಸಿಗುವ ಶೋಲಾದೊಳಗೆ ಹೆಜ್ಜೆಯಿಟ್ಟೊಡನೆ ಬಿಸಿಲು ಮಾಯವಾಗಿ ಮೈಗೆ ತಣ್ಣಗೆ ತಾಗಿತು. ಕುಳ್ಳಗಿನ ಮರಗಳ ಕಾಂಡಗಳ ಮೇಲೆಲ್ಲ ಪಾಚಿ. ಕಾಲುದಾರಿಗೆ ಅಡ್ಡಲಾಗಿ ಹರಡಿದ ಬೇರುಗಳು ನಡೆದವರ ಕಾಲ್ತುಳಿತಕ್ಕೆ ನುಣುಪಾಗಿದ್ದವು, ಅವುಗಳ ನಡುವಿನ ಮಣ್ಣು ಮಾತ್ರ ಕೊಚ್ಚಿಹೋಗಿತ್ತು. ಅಣ್ಣನ ಮಗಳು ಆ ಬೇರುಗಳನ್ನೇ ಹಿಡಿದು ನಮಗಿಂತ ಸುಲಭವಾಗಿ ಹತ್ತಿದಳು. ಮಳೆ ಬಿದ್ದ ದಿನ ಈ ತುಂಡು ದಾರಿಯೇ ಅಪಾಯಕಾರಿ, ಅದರಲ್ಲೂ ಇಳಿಯುವಾಗ. ಸವೆದ ಅಟ್ಟೆಯ ಶೂ ಹಾಕಿಕೊಂಡು ಬರಲೇಬಾರದು.

ಹನ್ನೊಂದೂವರೆಗೆ ತುದಿಯಲ್ಲಿದ್ದೆವು. ಪಶ್ಚಿಮಕ್ಕೆ ಕೇರಳದ ಕಡೆಯ ಗುಡ್ಡಗಳು ನೀಲಿಯಾಗಿ ಇಳಿಯುತ್ತಾ ಹೋಗಿದ್ದವು. ಗಾಳಿ ಮಾತನ್ನು ಹಾರಿಸಿಕೊಂಡು ಹೋಗುವಷ್ಟು ಜೋರಾಗಿತ್ತು, ಬೆವರಿದ ಅಂಗಿಗೆ ಚಳಿ ಹಿಡಿಯಿತು. ಸಾವಿರ ಮೀಟರಿಗೆ ಆರೇಳು ಡಿಗ್ರಿ ತಾಪಮಾನ ಇಳಿಯುತ್ತದೆಂಬ ಪುಸ್ತಕದ ಮಾತಿಗೆ ಈ ಗಾಳಿಯನ್ನೂ ಸೇರಿಸಿಕೊಂಡು ತೆಳ್ಳನೆಯ ಜರ್ಕಿನ್ ಒಯ್ಯಬೇಕು. ಚಪಾತಿ ಪಲ್ಯ ತಿಂದು, ಕಾಗದದ ಚೂರೂ ಉಳಿಯದಂತೆ ಎತ್ತಿಕೊಂಡು ಇಳಿಯತೊಡಗಿದೆವು.

ಬಂಡೆಯ ಬಳಿ ಚಿಕ್ಕಪ್ಪ, ಚಿಕ್ಕಮ್ಮ ನಮಗಾಗಿ ಕಿತ್ತಳೆ ಸುಲಿದಿಟ್ಟಿದ್ದರು. ಎಲ್ಲರೂ ಜೊತೆಯಾಗಿ ಕೆಳಗೆ ತಲುಪಿದಾಗ ಮೂರು ಗಂಟೆಯೂ ಆಗಿರಲಿಲ್ಲ. ಬೇಗ ಇಳಿದಿದ್ದರಿಂದ ಅರಮನೆಯನ್ನು ಅವಸರವಿಲ್ಲದೆ ನೋಡಲಾಯಿತು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಎರಡಂತಸ್ತಿನ ಮನೆಯಿದು. 1834ರಲ್ಲಿ ಬ್ರಿಟಿಷರು ಕೊಡಗಿನ ಮೇಲೆ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲಿಯೇ. ಸುತ್ತಲಿನ ಕಾಡನ್ನೂ ಬೆನ್ನಿಗಿರುವ ಬೆಟ್ಟವನ್ನೂ ಆಗಷ್ಟೇ ನಡೆದು ಬಂದಿದ್ದ ನಮಗೆ, ಅರಸರು ಈ ಜಾಗವನ್ನೇ ಏಕೆ ಆರಿಸಿಕೊಂಡರೆಂದು ಯಾರೂ ವಿವರಿಸಬೇಕಾಗಲಿಲ್ಲ. ಕೊಡವರು ತಮ್ಮ ಸುಗ್ಗಿಹಬ್ಬವಾದ ಪುತ್ತರಿಯ ಮುಹೂರ್ತ ನಿಶ್ಚಯಿಸುವ ಪಾಡಿ ಇಗ್ಗುತ್ತಪ್ಪ ದೇವಸ್ಥಾನವೂ ಹತ್ತಿರದಲ್ಲೇ ಇರುವುದರಿಂದ, ಚಿಕ್ಕಪ್ಪನ ಇಚ್ಛೆಯಂತೆ ಅಲ್ಲಿಗೂ ಹೋಗಿ ಕೈಮುಗಿದು, ಕತ್ತಲಾಗುವ ಮೊದಲೇ ಮಡಿಕೇರಿಯ ದಾರಿ ಹಿಡಿದೆವು.