ಇನೆಸ್‌ನ ತೋಟದ ನಕಲು: ಹೂವಿನ ಪದರಕ್ಕೆ ಬಂದಾಯ್ತು

19ನೇ ಶತಮಾನದ ಅಮೆರಿಕದ ನಿಸರ್ಗಚಿತ್ರಕಾರ ಜಾರ್ಜ್ ಇನೆಸ್‌ನ 'ಸ್ಪ್ರಿಂಗ್ ಬ್ಲಾಸಮ್ಸ್, ಮಾಂಟ್‌ಕ್ಲೇರ್, ನ್ಯೂ ಜೆರ್ಸಿ' ಚಿತ್ರದ ನಕಲು ಈ ವಾರ ಹೂವಿನ ಹಂತಕ್ಕೆ ಬಂತು. ಮೂಲ ಚಿತ್ರ ಸುಮಾರು 1891ರದ್ದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಗಲ 115 ಸೆಂ.ಮೀ., ಎತ್ತರ 74. ನಾನು ಎರಡನ್ನೂ ಅರ್ಧಕ್ಕೆ ಇಳಿಸಿಕೊಂಡಿದ್ದೇನೆ. ಮ್ಯೂಸಿಯಂನವರು ಇಂಥ ಹಳೆಯ ಚಿತ್ರಗಳ ಫೋಟೊಗಳನ್ನು 2017ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದರಿಂದ ದೊಡ್ಡ ಫೈಲ್ ಸಿಕ್ಕಿತು.

ಝೂಮ್ ಮಾಡಿದಷ್ಟೂ ಹೂವು ಮಾಯ! ಎಸಳಿಲ್ಲ, ಅಂಚಿಲ್ಲ, ಬಣ್ಣ ಸುಮ್ನೆ ಮಸುಕಾಗಿ ಹರಡಿದೆ. ಇಲ್ಲಿ ಬಿಳಿ ಚುಕ್ಕಿಗಳನ್ನು ಇಡುತ್ತಾ ಹೋದರೆ ಬೂಂದಿ ಉದುರಿಸಿದ ಹಾಗಾಗುತ್ತೆ. ಅದಕ್ಕೇ ಮೊದಲು ಕ್ಯಾನ್ವಾಸಿಗೆಲ್ಲ ರಾ ಅಂಬರ್ (ಕಂದು ಮಣ್ಣಿನ ಬಣ್ಣ) ತೆಳುವಾಗಿ ಬಳಿದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತೆ, ಮಳೆಗಾಲದಲ್ಲಿ ಅದೇ ದೊಡ್ಡ ಉಪಕಾರ. ಆಮೇಲೆ ಹುಲ್ಲಿಗೆ ಸ್ಯಾಪ್ ಗ್ರೀನ್, ಅದರ ಕಣ್ಣು ಕುಕ್ಕುವ ಹಸಿರು ತಗ್ಗಲಿ ಅಂತ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಗಂದು).

ಜಾಸ್ತಿ ಹೊತ್ತು ಹಿಡಿದದ್ದು ಬಿಳಿ. ಟೈಟಾನಿಯಂ ವೈಟ್ ಇನೆಸ್‌ನ ಕಾಲದಲ್ಲಿ ಇರಲೇ ಇಲ್ಲ, ಪೇಟೆಗೆ ಬಂದದ್ದು 20ನೇ ಶತಮಾನದಲ್ಲಿ. ಅದು ಕೆಳಗಿನದನ್ನೆಲ್ಲ ಮುಚ್ಚಿಬಿಡುತ್ತೆ. ಸೀಸದ ಬಿಳಿ ವಿಷ, ಮನೆಯಲ್ಲಿ ಬೇಡ. ಹಾಗಾಗಿ ಜಿಂಕ್ ವೈಟ್‌ಗೆ ಚೂರು ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕಂಡೂ ಕಾಣದಷ್ಟು ಕೆಂಪು. ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಉಳಿದ ಬಣ್ಣವನ್ನಷ್ಟೇ ಒಣಗಿದ ಕಂದಿನ ಮೇಲೆ ಹಗುರವಾಗಿ ಉಜ್ಜಿದೆ. ಕ್ಯಾನ್ವಾಸಿನ ನೂಲಿನ ಉಬ್ಬಿಗೆ ಮಾತ್ರ ಬಿಳಿ ಹತ್ತಿತು, ತಗ್ಗಿನಲ್ಲಿ ಕಂದು ಉಳಿಯಿತು. ಎರಡು ಹೆಜ್ಜೆ ಹಿಂದೆ ನಿಂತರೆ ಮರ ಹೂ ಬಿಟ್ಟಿದೆ!

ಆಗಿನ ಅಮೆರಿಕದ ಹೆಸರಾಂತ ನಿಸರ್ಗಚಿತ್ರಕಾರರಲ್ಲಿ ಬಹಳ ಜನ ಬೆಟ್ಟ, ಜಲಪಾತ, ಕಾಡು ಅಂತ ಹೊರಟವರು. ಇನೆಸ್‌ಗೆ ಮನುಷ್ಯ ಓಡಾಡಿ ಬೆಳೆಸಿದ ನೆಲವೇ ಜಾಸ್ತಿ ಇಷ್ಟ, 1878ರಲ್ಲಿ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದ. 1880ರ ದಶಕದ ನಡುವಿನಿಂದ ಮಾಂಟ್‌ಕ್ಲೇರ್‌ನಲ್ಲೇ ನೆಲೆಸಿದ್ದವನು. ತನ್ನೂರಿನ ಮರಗಳನ್ನೇ ಬಿಡಿಸಿದ್ದಾನೆ. ಕಾಡಿನ ಚಿತ್ರಗಳಿಗಿಂತ ನನಗೂ ಇದೇ ಹತ್ತಿರ, ಏನು ಮಾಡೋದು.

ಮುಂದೆ ಕಾಂಡಗಳು. ಮ್ಯೂಸಿಯಂನ ವಿವರದಲ್ಲಿ ಎಣ್ಣೆ ಬಣ್ಣದ ಜೊತೆ ಕ್ರೇಯಾನ್ ಅಥವಾ ಇದ್ದಿಲು ಅಂತಿದೆ. ಬಿಳಿ ಪೂರ್ತಿ ಒಣಗಲಿ, ಇದ್ದಿಲ ಕಡ್ಡಿಯಿಂದಲೇ ಗೆರೆ ಎಳೆದು ನೋಡುತ್ತೇನೆ.